ಮಾಯದ ಗಾಯ ಏನು ಹೇಳುತ್ತದೆ?

ಮಕ್ಕಳೇ, ಆಟವಾಡುವಾಗ ಬಿದ್ದು ಮೊಣಕಾಲು ತರಚಿದರೆ ಏನಾಗುತ್ತದೆ? ಹಕ್ಕಳೆ ಕಟ್ಟುತ್ತದೆ. ಕೆಲವು ದಿನಗಳಲ್ಲಿ ಅದು ಉದುರಿ ಹೊಸ ಚರ್ಮ ಕಾಣುತ್ತದೆ. ಅಲ್ಲಿ ಹೊಸ ಜೀವಕೋಶಗಳು ಹುಟ್ಟಿವೆ. ಬೇಕಾದಷ್ಟು ಹುಟ್ಟಿದ ಮೇಲೆ ಆ ಕೆಲಸ ನಿಲ್ಲುತ್ತದೆ. ಹೀಗೆ ನಿಲ್ಲದೆ, ಕೆಲವು ಜೀವಕೋಶಗಳು ಅಂಕೆ ಮೀರಿ ಹೆಚ್ಚುತ್ತಲೇ ಹೋದರೆ ಅದೇ ಕ್ಯಾನ್ಸರ್.

ಕಾರಣವೇನು?

ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಚರ್ಮದ ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತವೆ. ನಮ್ಮ ಚರ್ಮಕ್ಕೆ ಕಂದು ಬಣ್ಣ ಕೊಡುವ ಮೆಲನಿನ್ ಈ ಕಿರಣಗಳನ್ನು ಹೀರಿಕೊಂಡು ಕಾಪಾಡುತ್ತದೆ. ಆದ್ದರಿಂದಲೇ ಬಿಳಿ ಚರ್ಮದವರು ಹೆಚ್ಚಾಗಿರುವ ಆಸ್ಟ್ರೇಲಿಯದಲ್ಲಿ ಚರ್ಮದ ಕ್ಯಾನ್ಸರ್ ಬಹಳ, ಭಾರತದಲ್ಲಿ ಕಡಿಮೆ.

ಹಾಗಾದರೆ ನಮಗೆ ಬರುವುದೇ ಇಲ್ಲವೇ? ಬರಬಹುದು. ಮೆಲನೋಮ ಎಂಬ ಬಗೆಯು ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೂ ಕಾಣಿಸಿಕೊಳ್ಳುತ್ತದೆ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯವರ ಕಾಲಿನ ಹೆಬ್ಬೆರಳಿನಲ್ಲಿ 1977ರಲ್ಲಿ ಇದು ಪತ್ತೆಯಾಯಿತು. ಮುಂದೆ ಅದು ದೇಹದಲ್ಲೆಲ್ಲ ಹರಡಿತು. 1981ರಲ್ಲಿ ತೀರಿಕೊಂಡಾಗ ಅವರ ವಯಸ್ಸು ಕೇವಲ 36.

ಬೆಂಕಿಯ ಕಾವೂ ಕಾರಣವಾಗಬಲ್ಲದು. ಕಾಶ್ಮೀರದ ಜನ ಚಳಿಗಾಲದಲ್ಲಿ ಕೆಂಡ ತುಂಬಿದ ‘ಕಾಂಗ್ರಿ’ಯನ್ನು ನಿಲುವಂಗಿಯೊಳಗೆ ಇಟ್ಟುಕೊಳ್ಳುತ್ತಾರೆ. ವರ್ಷಗಟ್ಟಲೆ ಕಾವು ತಾಗಿದ ತೊಡೆ, ಹೊಟ್ಟೆಯ ಚರ್ಮದಲ್ಲಿ ಕೆಲವರಿಗೆ ಕ್ಯಾನ್ಸರ್ ಬರುತ್ತದೆ. ಹಳೆಯ ಸುಟ್ಟ ಕಲೆಯಲ್ಲೂ ಎಷ್ಟೋ ವರ್ಷಗಳ ನಂತರ ಇದು ಬರುವುದುಂಟು.

ಎಚ್ಚರಿಕೆಯ ಚಿಹ್ನೆಗಳು

* ತಿಂಗಳಾದರೂ ಮಾಯದ ಹುಣ್ಣು
* ಹಳೆಯ ಸುಟ್ಟ ಕಲೆಯಲ್ಲಿ ಹೊಸ ಹುಣ್ಣು, ಗಂಟು
* ಆಕಾರ, ಬಣ್ಣ, ಗಾತ್ರ ಬದಲಾಗುತ್ತಿರುವ ಮಚ್ಚೆ
* ಅಂಚು ಒರಟಾದ, ಎರಡು ಮೂರು ಬಣ್ಣಗಳಿರುವ, 6 ಮಿ.ಮೀ.ಗಿಂತ ಅಗಲವಾದ ಮಚ್ಚೆ
* ಉಗುರಿನ ಅಡಿಯಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ

ಮಚ್ಚೆ ಇದ್ದ ಮಾತ್ರಕ್ಕೆ ಹೆದರಬೇಡಿ. ಬಹುಪಾಲು ಮಚ್ಚೆಗಳು ನಿರಪಾಯ. ಮಾಯದ ಹುಣ್ಣೆಲ್ಲವೂ ಕ್ಯಾನ್ಸರ್ ಅಲ್ಲ. ಸಕ್ಕರೆ ಕಾಯಿಲೆಯವರ ಗಾಯವೂ ಬೇಗ ಮಾಯುವುದಿಲ್ಲ. ಯಾವುದೇ ಇರಲಿ, ವೈದ್ಯರಿಗೆ ತೋರಿಸಬೇಕು. ಸುಣ್ಣ ಹಚ್ಚುವುದು, ಬ್ಲೇಡಿನಿಂದ ಕುಯ್ಯುವುದು ಕೂಡದು.

ಚಿಕಿತ್ಸೆ ಇದೆಯೇ?

ಇದೆ. ವೈದ್ಯರು ಚರ್ಮದ ಚಿಕ್ಕ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಇದೇ ಬಯಾಪ್ಸಿ. ಕ್ಯಾನ್ಸರ್ ಎಂದು ಖಚಿತವಾದರೆ ಶಸ್ತ್ರಚಿಕಿತ್ಸೆಯಿಂದ ಆ ಭಾಗವನ್ನು ತೆಗೆಯುತ್ತಾರೆ. ಅಗತ್ಯವಿದ್ದರೆ ವಿಕಿರಣ ಚಿಕಿತ್ಸೆ, ಔಷಧ ಕೊಡುತ್ತಾರೆ. ಬೇಗ ಪತ್ತೆಯಾದರೆ ಹೆಚ್ಚಿನವರು ಗುಣವಾಗುತ್ತಾರೆ. ಇದು ಅಂಟುರೋಗವಲ್ಲ. ರೋಗಿಯ ಪಕ್ಕ ಕುಳಿತು ಊಟ ಮಾಡಬಹುದು.

ನೀವು ಮಾಡಿ

ವಯಸ್ಸಾದವರಿಗೆ ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳುವುದು ಕಷ್ಟ. ಈ ಭಾನುವಾರ ನಿಮ್ಮ ಅಜ್ಜ, ಅಜ್ಜಿಯ ಕಾಲು ತೊಳೆದು, ಬೆಳಕಿನಲ್ಲಿ ಅಂಗಾಲು, ಬೆರಳ ಸಂದು, ಉಗುರು ನೋಡಿ. ಮೇಲಿನ ಚಿಹ್ನೆ ಕಂಡರೆ ಮನೆಯವರಿಗೆ ಹೇಳಿ. ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಲು ತಿಳಿಸಿ. “ನೋವಿಲ್ಲ, ಬಿಡು” ಎಂದು ಅಜ್ಜಿ ಹೇಳಿದರೂ ಬಿಡಬೇಡಿ. ಮೊದಮೊದಲು ಇದು ಸಾಮಾನ್ಯವಾಗಿ ನೋಯುವುದಿಲ್ಲ.