ರಾಮನ್ನರ ಬೆಳಕೂ ಗಾಜಿನ ಎಳೆಯೂ

ರೋಗಿಯ ಜ್ವರವನ್ನರಿಯಲು ವೈದ್ಯನು ಉಷ್ಣಮಾಪಕವನ್ನು ಬಳಸುವನಷ್ಟೆ. ಆದರೆ ಮೈಲುಗಟ್ಟಲೆ ಉದ್ದದ ಸುರಂಗದಲ್ಲಿಯೋ ನೆಲದಡಿಯ ವಿದ್ಯುತ್ ತಂತಿಯಲ್ಲಿಯೋ ಎಲ್ಲಿ ಬಿಸಿಯೇರಿತೆಂದು ತಿಳಿಯುವ ಬಗೆ ಹೇಗೆ? ಹೆಜ್ಜೆಗೊಂದು ಉಷ್ಣಮಾಪಕವನ್ನಿಟ್ಟು ಕಾಯಲಾಗದು. ಈ ಕಾರ್ಯವನ್ನು ಇಂದು ಕೂದಲೆಳೆಯಷ್ಟು ಸಣ್ಣದಾದ ಗಾಜಿನ ತಂತುವೊಂದು ನಡೆಸುತ್ತದೆ. ಅದಕ್ಕೆ ಆಧಾರವಾದ ತತ್ತ್ವವನ್ನು ಕಂಡುಹಿಡಿದವರಾದರೋ ನಮ್ಮ ದೇಶದವರೇ.

ಕಗ್ಗದಾಸಪುರದ ನೆರೆಯ ಬಡಾವಣೆಗೆ ಸರ್ ಸಿ. ವಿ. ರಾಮನ್ನರ ಹೆಸರಿರುವುದನ್ನು ವಾಚಕರು ಬಲ್ಲರು. 1928ನೆಯ ಇಸವಿ ಫೆಬ್ರವರಿ 28ರಂದು ಅವರು ಕಲ್ಕತ್ತೆಯಲ್ಲಿ ಕಂಡ ಸಂಗತಿಯನ್ನು ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು. ಒಂದೇ ಬಣ್ಣದ ಬೆಳಕು ಪದಾರ್ಥವೊಂದನ್ನು ಹೊಕ್ಕು ಚದರಿದಾಗ ಅದರ ಅತ್ಯಲ್ಪ ಭಾಗವು ಬಣ್ಣವನ್ನು ಬದಲಿಸಿಕೊಳ್ಳುತ್ತದೆ. ಅಣುಗಳಿಗೆ ಶಕ್ತಿಯನ್ನಿತ್ತ ಬೆಳಕು ಕೆಂಪಿನ ಕಡೆಗೂ, ಅಣುಗಳಿಂದ ಶಕ್ತಿಯನ್ನು ಪಡೆದ ಬೆಳಕು ನೀಲಿಯ ಕಡೆಗೂ ಸರಿಯುತ್ತದೆ. ಪದಾರ್ಥವು ಬಿಸಿಯಾದಷ್ಟೂ ಅಣುಗಳ ಕಂಪನ ಹೆಚ್ಚು. ಆದುದರಿಂದ ಎರಡನೆಯ ಬಗೆಯ ಬೆಳಕೂ ಹೆಚ್ಚು. ಮೊದಲನೆಯದರಲ್ಲಿ ಅಷ್ಟು ವ್ಯತ್ಯಾಸವಾಗದು. ಎರಡನ್ನೂ ಹೋಲಿಸಿದರೆ ಉಷ್ಣತೆಯು ತಿಳಿಯುತ್ತದೆ.

ಇನ್ನು ಸ್ಥಳವನ್ನರಿಯುವ ಕ್ರಮ. ಕಣಿವೆಯಲ್ಲಿ ಕೂಗಿದಾಗ ಪ್ರತಿಧ್ವನಿಯು ತಡವಾದಷ್ಟೂ ಬಂಡೆಯು ದೂರವಲ್ಲವೆ? ಹಾಗೆಯೇ ತಂತುವಿನ ತುದಿಯಿಂದ ಲೇಸರ್ ಬೆಳಕಿನ ಕ್ಷಣಿಕವಾದ ಮಿಂಚನ್ನು ಕಳುಹಿಸಿ, ಚದರಿ ಹಿಂದಿರುಗುವ ಬೆಳಕಿನ ಕಾಲವನ್ನಳೆಯುತ್ತಾರೆ. ಗಾಜಿನಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಸೆಕೆಂಡಿನ 10 ಲಕ್ಷದಲ್ಲೊಂದು ಪಾಲಿನಲ್ಲಿ ಅದು ಮರಳಿದರೆ ಹೋಗಿಬಂದ ದೂರ 200 ಮೀಟರು. ಸ್ಥಳವು 100 ಮೀಟರು ಆಚೆಗಿದೆಯೆಂದರ್ಥ. ಹೀಗೆ ತಂತುವಿನ ಉದ್ದಕ್ಕೂ ಉಷ್ಣತೆಯ ಲೆಕ್ಕ ದೊರೆಯುತ್ತದೆ. ತಂತುವಿನಲ್ಲಿ ವಿದ್ಯುತ್ತು ಹರಿಯದ ಕಾರಣ ಕಿಡಿಯ ಭಯವಿಲ್ಲ. ಎಣ್ಣೆಯ ಕೊಳವೆಗಳ ಬಳಿಯೂ ಇಡಬಹುದು. ಅಣೆಕಟ್ಟಿನಲ್ಲಿ ನೀರು ಜಿನುಗುವ ಎಡೆಯೂ ಉಷ್ಣತೆಯ ವ್ಯತ್ಯಾಸದಿಂದ ಗೊತ್ತಾಗುವುದುಂಟು. ಸುರಂಗದಲ್ಲಿ ಬೆಂಕಿ ಹೊತ್ತಿದರೆ ಸ್ಥಳವು ಬೇಗ ತಿಳಿದಷ್ಟೂ ಪ್ರಾಣಗಳುಳಿಯುತ್ತವೆ.

ತಂದೆತಾಯಿಗಳು ಗಮನಿಸತಕ್ಕ ಮಾತೊಂದುಂಟು. 1940ರಲ್ಲಿ ಅನ್ನಾ ಮಣಿಯೆಂಬ ಯುವತಿಯು ಬೆಂಗಳೂರಿನಲ್ಲಿ ರಾಮನ್ನರ ಪ್ರಯೋಗಶಾಲೆಯನ್ನು ಸೇರಿ, ವಜ್ರಮಾಣಿಕ್ಯಗಳ ಬೆಳಕನ್ನು ಪರಿಶೀಲಿಸಿದರು. ಎಂ.ಎಸ್ಸಿ. ಪದವಿಯಿಲ್ಲವೆಂಬ ಕಾರಣದಿಂದ ಅವರಿಗೆ ಡಾಕ್ಟರ್ ಪದವಿಯು ದೊರೆಯಲಿಲ್ಲ. ಆದರೂ ಎದೆಗುಂದದೆ, 1948ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಗಾಳಿಬಿಸಿಲುಗಳನ್ನಳೆಯುವ ಉಪಕರಣಗಳು ನಮ್ಮ ದೇಶದಲ್ಲಿಯೇ ತಯಾರಾಗುವಂತೆ ದುಡಿದರು. ಮಗಳು ಉಷ್ಣಮಾಪಕವನ್ನು ಹಿಡಿದು “ಇದು ಹೇಗೆ?” ಎಂದು ಕೇಳಿದರೆ ಸುಮ್ಮನಿರೆನ್ನದೆ, ಅವಳೊಡನೆ ಕುಳಿತು ಉತ್ತರವನ್ನು ಹುಡುಕುವುದು ಲೇಸು.