ಲಾಕರ್‌ಗೆ ಎರಡು ಕೀಲಿ ಏಕೆ?

ವಿಶ್ವವಿದ್ಯಾಲಯದ ಮಾಹಿತಿ ತಂತ್ರಜ್ಞಾನ ವಿಭಾಗವನ್ನು ಯಾರು ಮುನ್ನಡೆಸಬೇಕು? ತರಗತಿಯಲ್ಲಿ ಕೇಳಿದಾಗಲೆಲ್ಲ ನನಗೆ ಸಿಗುವ ಉತ್ತರ: "ಕಂಪ್ಯೂಟರ್ ಚೆನ್ನಾಗಿ ಬಲ್ಲ ಒಬ್ಬರು, ಸರ್."

ಅಮೆರಿಕದ ಎಂಐಟಿಯ ಉದಾಹರಣೆ ನೋಡೋಣ. 1983ರಲ್ಲಿ ಅಲ್ಲಿ ಪ್ರಾಜೆಕ್ಟ್ ಅಥೀನಾ ಆರಂಭವಾಯಿತು. ಎಲ್ಲ ವಿಭಾಗಗಳ ವಿದ್ಯಾರ್ಥಿಗಳ ಕಲಿಕೆಗೆ ಕಂಪ್ಯೂಟರ್ ಒದಗಿಸುವುದು ಅದರ ಗುರಿ. ನಿರ್ದೇಶಕರಾಗಿದ್ದ ಸ್ಟೀವನ್ ಲರ್ಮನ್ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರು! ತಾಂತ್ರಿಕ ಹೊಣೆ ಹೊತ್ತವರು ಕಂಪ್ಯೂಟರ್ ವಿಜ್ಞಾನದ ಜೆರೋಮ್ ಸಾಲ್ಟ್ಜರ್. ಕಲಿಕೆಯ ಅಗತ್ಯ ಅರಿತವರೂ ಯಂತ್ರ ಬಲ್ಲವರೂ ಜೊತೆಗಿದ್ದರು.

ಸಾಲ್ಟ್ಜರ್ 1975ರಲ್ಲಿ ಮೈಕೆಲ್ ಶ್ರೋಡರ್ ಜೊತೆ ಬರೆದ ಪ್ರಬಂಧದ ಎರಡು ತತ್ವಗಳನ್ನು ನೆನಪಿಡಿ:

1. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಲಿ.
2. ಸಾಧ್ಯವಾದಲ್ಲಿ ಒಂದು ಬೀಗಕ್ಕೆ ಎರಡು ಕೀಲಿ ಇರಲಿ, ಬ್ಯಾಂಕ್ ಲಾಕರ್‌ನಂತೆ.

ಇವು ಕಂಪ್ಯೂಟರ್‌ಗಾಗಿ ಹೇಳಿದ ಮಾತುಗಳು. ಆದರೆ ನಾಯಕತ್ವದ ತಂಡಕ್ಕೂ ಸಲ್ಲುತ್ತವೆ. ಅಂಕಪಟ್ಟಿಯ ದತ್ತಾಂಶ ನೋಡಿಕೊಳ್ಳುವವರೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟು, ಅವರೇ ಪರಿಶೀಲನೆಯನ್ನೂ ಮಾಡಿದರೆ ಒಂದು ತಪ್ಪು ಅಂಕಿ ಯಾರ ಕಣ್ಣಿಗೂ ಬೀಳದೆ ಉಳಿದೀತು. ಅದರಿಂದ ಒಬ್ಬ ವಿದ್ಯಾರ್ಥಿಯ ಸೀಟೇ ತಪ್ಪಬಹುದು. ಆದ್ದರಿಂದ ಜಾಲ, ದಾಖಲೆ, ಭದ್ರತೆ, ಸಹಾಯ ಕೇಂದ್ರ ಇವಕ್ಕೆ ಬೇರೆ ಬೇರೆ ಹೊಣೆಗಾರರು. ಎಲ್ಲರ ಮೇಲೆ ಒಬ್ಬ ಮುಖ್ಯಸ್ಥರು.

ಅಥೀನಾದಲ್ಲೇ ಹುಟ್ಟಿದ ಕೆರ್ಬರೋಸ್ ವ್ಯವಸ್ಥೆ ಪಾಸ್‌ವರ್ಡನ್ನು ಜಾಲದಲ್ಲಿ ಕಳುಹಿಸದೆ, ಅವಧಿ ಮುಗಿಯುವ 'ಟಿಕೆಟ್' ಕೊಡುತ್ತದೆ. ವಿಂಡೋಸ್ ಜಾಲಗಳು ಇಂದಿಗೂ ಅದನ್ನು ಬಳಸುತ್ತವೆ.

ಇತರರ ಮಾಹಿತಿ ನಮ್ಮ ಬಳಿಯಿರುವ ಅಮಾನತ್. ನಂಬಿಕಸ್ಥರಿಗೂ ಲೆಕ್ಕ ಕೇಳುವವರೊಬ್ಬರು ಇರಬೇಕು.

ಅಭ್ಯಾಸ: ನಮ್ಮ ಲ್ಯಾಬ್‌ನಲ್ಲಿ ಯಾವ ಕೆಲಸಕ್ಕೆ ಎರಡು ಕೀಲಿ ಬೇಕು? ಕಾರಣ ಸಹಿತ ಬರೆಯಿರಿ.