ಕಾಫಿಯ ಪಥ್ಯಾಪಥ್ಯ

ಚರಕ, ಸುಶ್ರುತ, ವಾಗ್ಭಟರ ಸಂಹಿತೆಗಳಲ್ಲಿ ಕಾಫಿಯ ಹೆಸರಿಲ್ಲ, ಇರಲು ಸಾಧ್ಯವೂ ಇಲ್ಲ. ಬಾಬಾಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರತೀತಿ. ಅದು 17ನೆಯ ಶತಮಾನದ ಮಾತು. ಶಾಸ್ತ್ರದಲ್ಲಿ ಹೆಸರಿಲ್ಲದ ದ್ರವ್ಯ ಎದುರಾದಾಗ ವೈದ್ಯನಾದವನು ಅದರ ರಸ, ಗುಣ, ವೀರ್ಯಗಳನ್ನು ಪರೀಕ್ಷಿಸಿ ತಿಳಿಯಬೇಕು. ನಾವು ಹಾಗೆ ಮಾಡಲಿಲ್ಲ. ಮೂವತ್ತು ವರ್ಷಗಳಿಗೂ ಮಿಗಿಲಾಗಿ, ವ್ಯಾಧಿ ಯಾವುದೇ ಇರಲಿ, ಪಥ್ಯದ ಚೀಟಿಯಲ್ಲಿ ‘ಕಾಫಿ ವರ್ಜ್ಯ’ ಎಂದು ಬರೆದುಕೊಡುತ್ತಲೇ ಬಂದೆವು. ಚಹಾದ ವಿಷಯದಲ್ಲಿ ಅಷ್ಟು ಕಠೋರರಾಗಿರಲಿಲ್ಲ. ಏಕೆಂದರೆ ನಾವು ಚಹಾ ಕುಡಿಯುವ ಸೀಮೆಯವರು.

ನಮ್ಮ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಕಾಫಿ ಎಂದರೆ ಮೈಸೂರು ಕಡೆಯ ನೆಂಟರು ಬಂದಾಗ ಮಾಡುವ ಉಪಚಾರ. ಅದನ್ನೂ ಚಹಾ ಮಾಡುವಂತೆಯೇ, ನೀರು, ಹಾಲು, ಸಕ್ಕರೆ, ಪುಡಿ ಎಲ್ಲವನ್ನೂ ಕೂಡಿಸಿ ಕುದಿಸಿ ಸೋಸುತ್ತಿದ್ದರು. ಬಾಲ್ಯದಲ್ಲಿ ಒಮ್ಮೆ ಅದನ್ನು ಕುಡಿದು ಮುಖ ಕಿವುಚಿದವರು ಮತ್ತೆ ಅದರ ಗೊಡವೆಗೆ ಹೋಗಲಿಲ್ಲ. ನಮ್ಮ ನಾಲಗೆಗೆ ಹಿಡಿಸದ ವಸ್ತುವನ್ನು ಶಾಸ್ತ್ರದ ಹೆಸರಿನಲ್ಲಿ ಊರಿಗೆಲ್ಲ ನಿಷೇಧಿಸಿದೆವೆಂದು ಇಂದು ಒಪ್ಪಿಕೊಳ್ಳಬೇಕಾಗಿದೆ.

ಇದರಿಂದ ಒಬ್ಬರಿಗಂತೂ ತೊಂದರೆಯಾಯಿತು. ಬಹಳ ವರ್ಷ ಮೈಸೂರು ಕಡೆ ನೌಕರಿ ಮಾಡಿ ನಿವೃತ್ತರಾಗಿ ಊರಿಗೆ ಮರಳಿದ ಶಾಲಾ ಮಾಸ್ತರರೊಬ್ಬರು ಅಮ್ಲಪಿತ್ತಕ್ಕಾಗಿ ನಮ್ಮಲ್ಲಿ ಬಂದರು. ದಿನಕ್ಕೆ ಐದು ಲೋಟ ಕಾಫಿ ಕುಡಿಯುವ ಅಭ್ಯಾಸ. ಇಂದಿನಿಂದಲೇ ಬಿಡಿರೆಂದೆವು, ಶಿಸ್ತಿನ ಮನುಷ್ಯರು, ಅಂದೇ ಬಿಟ್ಟರು. ಎರಡನೆಯ ದಿನ ತಲೆ ಸಿಡಿಯುವಂಥ ನೋವು, ವಾಕರಿಕೆ. ನಾವು ಲೇಪ ಹಚ್ಚಿಸಿದೆವು, ನಸ್ಯ ಮಾಡಿದೆವು, ಗುಣವಾಗಲಿಲ್ಲ. ಮಕ್ಕಳು ಗಾಬರಿಯಿಂದ ಪಟ್ಟಣಕ್ಕೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದರು, ಏನೂ ಕಾಣಲಿಲ್ಲ. ವಾರದ ನಂತರ ಬಂದ ಮಾಸ್ತರರು, “ಆಸ್ಪತ್ರಿ ಮುಂದ ಮಗ ಒಂದು ಕಪ್ ಕಾಫಿ ಕುಡಿಸಿದ್ರೀ, ಒಂದು ತಾಸಿನ್ಯಾಗ ತಲಿನೋವು ಹೋತು ನೋಡ್ರಿ ಡಾಕ್ಟರ್ ಸಾಹೇಬ್ರ” ಎಂದರು. ಅದು ಮನಸ್ಸಿನ ಭ್ರಮೆಯೆಂದು ನಾವು ನಕ್ಕುಬಿಟ್ಟೆವು.

ಭ್ರಮೆ ನಮ್ಮದಾಗಿತ್ತು. ಕಾಫಿಯಲ್ಲಿರುವ ಕೆಫೀನ್ ಎಂಬ ಸತ್ವವು, ಮಿದುಳಿಗೆ ದಣಿವಿನ ಸೂಚನೆ ಕೊಡುವ ಅಡಿನೋಸಿನ್ ಎಂಬ ರಾಸಾಯನಿಕಕ್ಕೆ ಅಡ್ಡ ನಿಲ್ಲುತ್ತದೆ. ನಿತ್ಯ ಅಭ್ಯಾಸವಿದ್ದವರು ಥಟ್ಟನೆ ಬಿಟ್ಟರೆ 12ರಿಂದ 24 ತಾಸುಗಳಲ್ಲಿ ತಲೆನೋವು, ಜಡತೆ, ಸಿಡುಕು ಆರಂಭವಾಗುತ್ತವೆ. ಒಂದೆರಡು ದಿನಗಳಲ್ಲಿ ಉಲ್ಬಣಿಸಿ, ಕೆಲವರಲ್ಲಿ ಒಂಬತ್ತು ದಿನಗಳವರೆಗೂ ಕಾಡಬಹುದು. ಇದಕ್ಕೆ ಪರಿಹಾರವು ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿಯೇ ಇದೆ. ಅಹಿತವಾದರೂ ದೇಹಕ್ಕೆ ಒಗ್ಗಿಹೋದ ಅಭ್ಯಾಸವನ್ನು ಒಮ್ಮೆಲೆ ಕೀಳಬಾರದು. ಕಾಲು ಕಾಲು ಭಾಗವಾಗಿ ಇಳಿಸುತ್ತ, ಹಿತವಾದುದನ್ನು ಅಷ್ಟಷ್ಟೇ ಸೇರಿಸುತ್ತ ಹೋಗಬೇಕು. ಪಾದಾಂಶಿಕ ಕ್ರಮವೆಂದು ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದಿದ್ದೆವು. ಎದುರಿಗೆ ಕುಳಿತ ರೋಗಿಗೆ ಮಾತ್ರ ಅನ್ವಯಿಸಲಿಲ್ಲ. ಆ ಮಾಸ್ತರರು ಈಗಿಲ್ಲ.

ನಮ್ಮ ಮಗಳನ್ನು ಕೊಪ್ಪದ ಕಡೆಯ ಕಾಫಿ ತೋಟದ ಮನೆಗೆ ಕೊಟ್ಟಿದ್ದೇವೆ. ಅರವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿ ಹದಿನೈದು ದಿನ ತಂಗುವ ಸಂದರ್ಭ ಬಂತು. ಬೀಗಿತ್ತಿಯವರು ಲಿಂಗಪೂಜೆಗೆ ಮುನ್ನ ಹನಿ ನೀರನ್ನೂ ಮುಟ್ಟದವರು. ಪೂಜೆ ಮುಗಿದೊಡನೆ ಕಾಫಿ ಬೇಕು. ನಮ್ಮ ಲೋಟವನ್ನು ಎರಡು ದಿನ ಹಿಂದಿರುಗಿಸಿದೆವು. ಮೂರನೆಯ ದಿನ ಅವರು, “ವಿಷ ಅಂತ ಬರೆದು ಕೊಡ್ತೀರಂತೆ ಬೀಗರೇ, ಒಂದು ಸಲ ರುಚಿಯಾದ್ರೂ ನೋಡಿ ಬರೀರಿ” ಎಂದರು. ಉತ್ತರವಿರಲಿಲ್ಲ; ಕುಡಿದೆವು. ಬಾಲ್ಯದ ಆ ಸುಟ್ಟ ಕಹಿ ಅದರಲ್ಲಿರಲಿಲ್ಲ. ಮೊದಲು ಪರಿಮಳ, ಆಮೇಲೆ ಮೃದುವಾದ ತಿಕ್ತ, ಕೊನೆಗೆ ನಾಲಗೆಯ ಬದಿಯಲ್ಲಿ ತುಸು ಹುಳಿ. ವಯಸ್ಸಾದಂತೆ ನಾಲಗೆಯ ತೀಕ್ಷ್ಣತೆ ತಗ್ಗಿ ಕಹಿ ಸಹ್ಯವಾಗುವುದೂ ಒಂದು ಕಾರಣವಿದ್ದೀತು.

ಮರುದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆವು. ಫಿಲ್ಟರಿನ ಮೇಲಿನ ಪಾತ್ರೆಯಲ್ಲಿ ಪುಡಿ. ಅದರ ಮೇಲೆ ಕುದಿದಿಳಿಸಿದ ನೀರು. ಮುಚ್ಚಳ ಮುಚ್ಚಿ ಸುಮ್ಮನಿರುವುದು. ಡಿಕಾಕ್ಷನ್ ತಾನಾಗಿ ಹನಿಹನಿಯಾಗಿ ಇಳಿಯುತ್ತದೆ. ಇದು ಶಾರ್ಙ್ಗಧರ ಸಂಹಿತೆಯಲ್ಲಿ ಹೇಳಿದ ಫಾಂಟವಲ್ಲವೇ! ಒಂದು ಪಲ ದ್ರವ್ಯಕ್ಕೆ ನಾಲ್ಕು ಪಲ ಬಿಸಿನೀರು ಹಾಕಿ, ಕುದಿಸದೆ ಸೋಸಿಕೊಳ್ಳುವ ವಿಧಾನವದು. ಸುಗಂಧ ದ್ರವ್ಯವನ್ನು ಒಲೆಯ ಮೇಲೆ ಬಹಳ ಹೊತ್ತು ಕುದಿಸಿದರೆ ಗಂಧ ಹಾರಿಹೋಗಿ ಒಗರು, ಕಹಿ ಉಳಿಯುತ್ತವೆ. ನಮ್ಮ ಮನೆಯವರು ಫಾಂಟಕ್ಕೆ ಯೋಗ್ಯವಾದುದನ್ನು ಕಷಾಯ ಮಾಡುತ್ತಿದ್ದರು, ಅಷ್ಟೇ.

ಹಾಗೆಂದು ಕಾಫಿ ಎಲ್ಲರಿಗೂ ಪಥ್ಯವಲ್ಲ. ನಮ್ಮ ವಿಚಾರದಲ್ಲಿ ಅದು ತಿಕ್ತ-ಕಷಾಯ ರಸದ, ರೂಕ್ಷ ಗುಣದ, ಉಷ್ಣವೀರ್ಯದ ದ್ರವ್ಯ. ವೃದ್ಧಾಪ್ಯವು ವಾತದ ಕಾಲವಾದುದರಿಂದ ಹಿರಿಯರು ಹಾಲಿಲ್ಲದ ಕಡುಕಾಫಿಯನ್ನು ಬರಿಹೊಟ್ಟೆಯಲ್ಲಿ ಕುಡಿಯುವುದು ತರವಲ್ಲ. ಹಾಲಿನ ಸ್ನಿಗ್ಧತೆ ಆ ರೂಕ್ಷತೆಯನ್ನು ತಕ್ಕಮಟ್ಟಿಗೆ ಶಮನ ಮಾಡುತ್ತದೆ. ಅಮ್ಲಪಿತ್ತ, ಅನಿದ್ರೆ, ಎದೆಬಡಿತವಿದ್ದವರು ಕಡಿಮೆ ಮಾಡಲೇಬೇಕು, ಆದರೆ ಪಾದಾಂಶಿಕವಾಗಿ. ಕುಡಿದ ಕೆಫೀನಿನ ಅರ್ಧಭಾಗ ದೇಹದಿಂದ ಹೋಗಲು ಸುಮಾರು ಐದು ತಾಸು ಬೇಕು. ಸಂಜೆ ಐದಕ್ಕೆ ಕುಡಿದವರ ರಕ್ತದಲ್ಲಿ ರಾತ್ರಿ ಹತ್ತಕ್ಕೂ ಅರ್ಧ ಉಳಿದಿರುತ್ತದೆ. ನಿದ್ರೆಯ ಮಾತ್ರೆ ಕೇಳುತ್ತ ಬರುವ ಹಿರಿಯರನ್ನು ನಾವೀಗ ಮೊದಲು ಸಂಜೆಯ ಕಾಫಿ-ಚಹಾದ ವೇಳೆಯನ್ನೇ ವಿಚಾರಿಸುತ್ತೇವೆ.

ಪ್ರಮಾಣವನ್ನೂ ಅರಿತಿರಬೇಕು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನಿನ ಮಿತಿಯನ್ನು ಹೇಳಿದೆ. ಹತ್ತು ಗ್ರಾಂ ಅರೇಬಿಕಾ ಪುಡಿಯಲ್ಲಿ ಸುಮಾರು 120 ಮಿಲಿಗ್ರಾಂ ಇರುತ್ತದೆ. ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಆದುದರಿಂದ ಲೋಟಗಳನ್ನು ಎಣಿಸಿದರೆ ಸಾಲದು, ಪುಡಿಯ ಪೊಟ್ಟಣದ ಮೇಲಿನ ಬರಹವನ್ನೂ ಓದಬೇಕು. ಹೊಗೆಯಾಡುವಂತೆಯೇ ಕುಡಿಯುವವರಿಗೆ ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ಕಾಫಿಯನ್ನು ಸಂಶಯದ ಪಟ್ಟಿಯಿಂದ ತೆಗೆಯಿತು. ಆದರೆ 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪೇಯವು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದಿತು. ತುಸು ಆರಿಸಿ ಕುಡಿಯಿರಿ.

ಥೈರಾಯ್ಡ್ ಮಾತ್ರೆ ನುಂಗುವವರು ಒಂದು ತಾಸು ಕಾಫಿ ಮುಟ್ಟಬಾರದು. ಮಾತ್ರೆ ರಕ್ತಕ್ಕೆ ಸೇರುವುದನ್ನು ಅದು ತಡೆಯುತ್ತದೆ. ಊಟದೊಂದಿಗೆ ಅಥವಾ ಊಟವಾದೊಡನೆ ಕುಡಿದರೆ ಆಹಾರದ ಕಬ್ಬಿಣಾಂಶವೂ ಸರಿಯಾಗಿ ದಕ್ಕದು. ರಕ್ತಹೀನತೆಯಿರುವ ತಾಯಂದಿರು ಇದನ್ನು ಗಮನಿಸಬೇಕು.

ನಮ್ಮದು ದಿನಕ್ಕೆ ಒಂದೇ ಲೋಟ, ಬೆಳಿಗ್ಗೆ ಹತ್ತರ ಸುಮಾರಿಗೆ. ಫಿಲ್ಟರ್ ಬೀಗಿತ್ತಿಯವರು ಕೊಟ್ಟು ಕಳುಹಿಸಿದ್ದು.